ಹೇಳಿಕೊಳ್ಳುವಂಥದ್ದೇನೂ ಅಲ್ಲ

ಜೊತೆಗೆ ಯಾರಾದರೂ ಇದ್ದರೆ ರೈಲಿನ ಕಿಟಕಿಯಲ್ಲಿ ನಾವು ನೋಡುವುದೆಲ್ಲ ತೋರಿಸುವುದಕ್ಕೆ. "ಅಲ್ನೋಡು, ಸೇತುವೆ!" ಅಂತ ಕೂಗುತ್ತೇವೆ. ಅವರು ಮೊಬೈಲಿನಿಂದ ತಲೆ ಎತ್ತುವಷ್ಟರಲ್ಲಿ ಸೇತುವೆಯೂ ಇಲ್ಲ, ನದಿಯೂ ಇಲ್ಲ. "ಎಲ್ಲಿ?" ಅನ್ನುತ್ತಾರೆ. "ಹೋಯ್ತು" ಅನ್ನುತ್ತೇವೆ. ಇಬ್ಬರಿಗೂ ಸ್ವಲ್ಪ ಬೇಸರ. ಹೀಗೆ ಒಂದೆರಡು ಸಲ ಆದಮೇಲೆ ಕಣ್ಣೇ ಹುಷಾರಾಗಿಬಿಡುತ್ತದೆ. ತೋರಿಸಲು ಲಾಯಕ್ಕಾದದ್ದನ್ನು ಮಾತ್ರ ಹುಡುಕುತ್ತದೆ. ಬೆಟ್ಟ, ನದಿ, ಸುರಂಗ. ಉಳಿದದ್ದು ಲೆಕ್ಕಕ್ಕಿಲ್ಲ.

ಒಬ್ಬರೇ ಹೊರಟರೆ ಈ ಜವಾಬ್ದಾರಿ ಇಲ್ಲ. ಯಾರಿಗೂ ಏನನ್ನೂ ತೋರಿಸಬೇಕಿಲ್ಲ. ಆಗ ಕಣ್ಣು ಕೆಲಸಕ್ಕೆ ಬಾರದ್ದನ್ನೆಲ್ಲ ನೋಡಲು ಶುರುಮಾಡುತ್ತದೆ. ನನಗೆ ಬೇಕಾದದ್ದು ಅದೇ.

ಉದಾಹರಣೆಗೆ, ವಿದ್ಯುತ್ ತಂತಿ. ಪಕ್ಕದ ಹಳಿಯ ಮೇಲೆ ಹಾದುಹೋಗುವ ತಂತಿಗಳನ್ನು ಸುಮ್ನೆ ನೋಡುತ್ತಾ ಕೂತಿದ್ದೀರಾ? ಮೇಲಿನ ತಂತಿ ಕಂಬದಿಂದ ಕಂಬಕ್ಕೆ ಜೋತುಬೀಳುತ್ತದೆ, ಮತ್ತೆ ಏಳುತ್ತದೆ. ಕೆಳಗಿನದು ಮಾತ್ರ ಮಟ್ಟಸವಾಗಿ ಬರುತ್ತಿರುತ್ತದೆ. ನಡುವೆ ಸಣ್ಣ ಸಣ್ಣ ತಂತಿಗಳು ಕೆಳಗಿನದನ್ನು ಮೇಲಿನದಕ್ಕೆ ನೇತುಹಾಕಿ ಹಿಡಿದಿರುತ್ತವೆ. ಈ ಕೆಳಗಿನ ತಂತಿ ಹಳಿಯ ನೆತ್ತಿಯ ಮೇಲೆ ನೆಟ್ಟಗೆ ಹೋಗುವುದಿಲ್ಲ. ಒಂದು ಕಂಬದಲ್ಲಿ ಸ್ವಲ್ಪ ಎಡಕ್ಕೆ, ಮುಂದಿನದರಲ್ಲಿ ಸ್ವಲ್ಪ ಬಲಕ್ಕೆ. ಬೇಕೆಂದೇ ಹಾಗೆ ಕಟ್ಟಿರುತ್ತಾರೆ. ನೆಟ್ಟಗಿದ್ದರೆ ಇಂಜಿನ್ನಿನ ತಲೆಯ ಮೇಲೆ ತಂತಿಗೆ ತಾಗಿಕೊಂಡು ವಿದ್ಯುತ್ ಪಡೆಯುವ ಚೌಕಟ್ಟು, ಅಂದರೆ ಪ್ಯಾಂಟೋಗ್ರಾಫ್, ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಕೊರೆದುಹೋಗುತ್ತದೆ. ಅಂಕುಡೊಂಕಾಗಿದ್ದರೆ ಸಮನಾಗಿ ಸವೆಯುತ್ತದೆ. ಇದು ಗೊತ್ತಾದ ಮೇಲೆ ಆ ತಂತಿಯ ಸಣ್ಣ ಓಲಾಟ ನೋಡುವುದು ನನಗೆ ಎಂಥ ಜಲಪಾತಕ್ಕಿಂತಲೂ ಇಷ್ಟ. ಜೊತೆಯವರಿಗೆ "ಅಲ್ನೋಡು, ತಂತಿ!" ಅಂತ ಹೇಳೋಕಾಗುತ್ತಾ?

ಇನ್ನೊಂದು ಪುಕ್ಕಟೆ ಮೋಜಿದೆ. ಬಯಲಿನ ನಡುವೆ, ಹತ್ತಿರವೂ ಅಲ್ಲದ ದೂರವೂ ಅಲ್ಲದ ಒಂದು ಮರವನ್ನು ಆರಿಸಿಕೊಳ್ಳಿ. ಕಣ್ಣು ಅದರ ಮೇಲೇ ನೆಟ್ಟಿರಲಿ. ಮರದಿಂದ ಈಚೆಗಿರುವ ಗಿಡ, ಕಲ್ಲು, ಬೇಲಿ ಎಲ್ಲ ಹಿಂದಕ್ಕೆ ಓಡುತ್ತವೆ. ಮರದಿಂದ ಆಚೆಗಿರುವುದೆಲ್ಲ ನಮ್ಮ ಜೊತೆಗೇ ಮುಂದಕ್ಕೆ ಹೊರಡುತ್ತದೆ. ಇಡೀ ಬಯಲು ಆ ಮರವನ್ನು ನಡುವಿಟ್ಟುಕೊಂಡು ನಿಧಾನವಾಗಿ ತಿರುಗುತ್ತದೆ. ಸಾಕೆನಿಸಿದರೆ ಬೇರೆ ಮರ ಹಿಡಿದರಾಯಿತು. ಭೂಮಿಯನ್ನು ಯಾವ ಮರದ ಸುತ್ತ ತಿರುಗಿಸಬೇಕು ಎಂದು ಸೀಟಿನಲ್ಲಿ ಕೂತೇ ತೀರ್ಮಾನ ಮಾಡುವ ಅಧಿಕಾರ ಬೇರೆ ಎಲ್ಲಿ ಸಿಗುತ್ತೆ?

ಒಂಟಿ ಪ್ರಯಾಣಿಕರಿಗೆ ನಿಜವಾದ ಕಷ್ಟ ಒಂದೇ. ಶೌಚಾಲಯಕ್ಕೆ ಹೋಗಬೇಕು, ಬ್ಯಾಗು ಏನು ಮಾಡುವುದು? ಹೊತ್ತುಕೊಂಡು ಹೋಗುವ ಹಾಗಿಲ್ಲ. ಒಳಗೆ ಅದನ್ನು ಇಡುವ ಜಾಗವೂ ಇಲ್ಲ, ಇಡುವ ಧೈರ್ಯವೂ ಇಲ್ಲ. ಆಗ ಸುತ್ತ ಕೂತವರ ಮುಖಗಳ ಪರಿಶೀಲನೆ ಶುರುವಾಗುತ್ತದೆ. ಇವರು ನಿದ್ದೆಗಣ್ಣಲ್ಲಿದ್ದಾರೆ, ಬೇಡ. ಅವರು ಮುಂದಿನ ನಿಲ್ದಾಣದಲ್ಲಿ ಇಳಿಯಬಹುದು, ಚಪ್ಪಲಿ ಹುಡುಕುತ್ತಿದ್ದಾರೆ. ಕೊನೆಗೆ ಯಾವುದೋ ಒಂದು ಮುಖ ನಂಬಿಕೆ ಹುಟ್ಟಿಸುತ್ತದೆ. ಯಾಕೆ ಅಂತ ಕೇಳಿದರೆ ಕಾರಣ ಕೊಡಲು ಬರುವುದಿಲ್ಲ. ಕನ್ನಡಕ ಇರಬಹುದು, ಮಡಿಲಲ್ಲಿ ಮಗು ಇರಬಹುದು. "ಸ್ವಲ್ಪ ಬ್ಯಾಗ್ ನೋಡ್ಕೊಳ್ತೀರಾ?" ಅನ್ನುತ್ತೇವೆ. ವಿಚಾರ ಮಾಡಿದರೆ ಇದು ತಮಾಷೆಯ ವ್ಯವಹಾರ. ಗುರುತಿಲ್ಲದವರು ಕದ್ದಾರು ಎಂದು ಹೆದರಿ, ಗುರುತಿಲ್ಲದ ಇನ್ನೊಬ್ಬರ ಕೈಗೇ ಒಪ್ಪಿಸಿ ಹೋಗುವುದು!

ಆದರೆ ಹೀಗೆ ಕೇಳಿಸಿಕೊಂಡವರನ್ನು ಗಮನಿಸಿದ್ದೀರಾ? "ಆಯ್ತು, ಹೋಗ್ಬನ್ನಿ" ಅಂದವರೇ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಅಲ್ಲಿಯವರೆಗೆ ಕಿಟಕಿಯಾಚೆ ಇದ್ದ ದೃಷ್ಟಿ ಒಳಗೆ ಬರುತ್ತದೆ. ಯಾರಾದರೂ ಆ ದಾರಿಯಲ್ಲಿ ಹಾದುಹೋದರೆ ಬ್ಯಾಂಕಿನ ಕಾವಲುಗಾರರ ಹಾಗೆ ಅವರನ್ನೊಮ್ಮೆ ಅಳೆದು ನೋಡುತ್ತಾರೆ. ನನ್ನನ್ನೇ ಯಾರಾದರೂ ಕೇಳಿದಾಗಲೂ ಅಷ್ಟೆ. ನನ್ನ ಬ್ಯಾಗಿನ ಕಡೆ ಅಷ್ಟು ನಿಗಾ ನಾನು ಯಾವತ್ತೂ ಇಟ್ಟಿಲ್ಲ. ಅವರು ವಾಪಸ್ ಬಂದು "ಥ್ಯಾಂಕ್ಸ್" ಅಂದಾಗ ಏನೋ ಸಾಧಿಸಿದ ಖುಷಿ. ಆಮೇಲೆ ಇಬ್ಬರೂ ಮಾತಾಡಲೇಬೇಕು ಅಂತಿಲ್ಲ. ಹೆಸರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಇದು ಸ್ನೇಹಕ್ಕಿಂತ ಸುಲಭದ ಸಂಬಂಧ. ನೆನಪಿಟ್ಟುಕೊಳ್ಳುವ ಹಂಗೂ ಇಲ್ಲ.

ಕಿವಿಗೂ ಒಂದಷ್ಟು ಕೆಲಸ ಸಿಗುತ್ತದೆ. ಹಳಿಗಳ ಜೋಡಣೆಯಲ್ಲಿ ಬಿಸಿಲಿಗೆ ಹಿಗ್ಗಲೆಂದು ಬಿಟ್ಟಿರುತ್ತಿದ್ದ ಸಂದಿಯ ಮೇಲೆ ಗಾಲಿ ಹಾಯ್ದಾಗ ಬರುತ್ತಿದ್ದದ್ದೇ ಆ ಟಕ್-ಟಕ್ ಸದ್ದು. ಈಗ ಹಳಿಗಳನ್ನು ಉದ್ದಕ್ಕೂ ಬೆಸೆದುಬಿಡುವುದರಿಂದ ಅದು ಅಪರೂಪ. ನಿಲ್ದಾಣ ಹತ್ತಿರವಾಗಿ ಹಳಿ ಕವಲೊಡೆಯುವಲ್ಲಿ ಮಾತ್ರ ಗಡಗಡ ಕೇಳುತ್ತದೆ. ಆದರೂ ಕೆಲವು ಮಾರ್ಗಗಳಲ್ಲಿ ಹಳೆಯ ಸದ್ದು ಉಳಿದಿದೆ. ಅಲ್ಲಿ ಒಂದು ಲೆಕ್ಕ ಹಾಕಬಹುದು. ಒಂದೊಂದು ಹಳಿ 13 ಮೀಟರ್ ಉದ್ದದ್ದಾಗಿದ್ದರೆ, 47 ಸೆಕೆಂಡಿನಲ್ಲಿ ಎಷ್ಟು ಸಂದಿ ದಾಟಿದೆವೋ ರೈಲಿನ ವೇಗ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್. ಬೇಕಾದರೆ ಗುಣಿಸಿ ಭಾಗಿಸಿ ನೋಡಿ. ವೇಗವನ್ನು ಮೊಬೈಲೇ ತೋರಿಸುತ್ತದಲ್ಲ, ಈ ತಾಪತ್ರಯ ಯಾಕೆ ಅನ್ನಬಹುದು. ತಾಪತ್ರಯದಲ್ಲೇ ಮಜಾ ಇರುವುದು. ಜೊತೆಗೊಬ್ಬರಿದ್ದರೆ 47 ಸೆಕೆಂಡು ಮಾತಾಡದೆ ಎಣಿಸಲು ಬಿಡುತ್ತಾರಾ?

ರೈಲ್ವೆ ಗೇಟಿನ ಗಂಟೆಯದ್ದು ಬೇರೆಯೇ ಕಥೆ. ಹತ್ತಿರವಾಗುವಾಗ ಅದರ ದನಿ ಮೊನಚಾಗಿರುತ್ತದೆ. ದಾಟಿದ ಕೂಡಲೇ ಸ್ವರ ಕೆಳಗಿಳಿದುಬಿಡುತ್ತದೆ. ಗೇಟಿನ ಹತ್ತಿರ ನಿಂತವರಿಗೆ ಅದು ಒಂದೇ ಸಮ. ಇಳಿಯುವುದು ನಮ್ಮ ಕಿವಿಯಲ್ಲಿ ಮಾತ್ರ. ಹೀಗಾಗುತ್ತದೆಂದು 1842ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ ಲೆಕ್ಕ ಹಾಕಿ ಹೇಳಿದ. ನಿಜವೋ ಸುಳ್ಳೋ ನೋಡಿಯೇಬಿಡೋಣ ಅಂತ 1845ರಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿ ಬಾಯ್ಸ್ ಬ್ಯಾಲಟ್ ಕಹಳೆ ಊದುವವರನ್ನು ರೈಲಿಗೆ ಹತ್ತಿಸಿದ. ಹಳಿಯ ಪಕ್ಕದಲ್ಲಿ ಸ್ವರಜ್ಞಾನ ಇರುವವರನ್ನು ನಿಲ್ಲಿಸಿದ. ರೈಲಿನಲ್ಲಿದ್ದವರು ಒಂದೇ ಸ್ವರ ಊದುತ್ತಾ ಹೋದರು, ಕೆಳಗಿದ್ದವರು ಅದು ಬದಲಾಗುವುದನ್ನು ಕೇಳಿಸಿಕೊಂಡರು. ವಿಜ್ಞಾನದ ಚರಿತ್ರೆಯಲ್ಲಿ ನಾನೂ ಇರಬೇಕಿತ್ತು ಅಂತ ಅನಿಸುವ ಜಾಗಗಳು ಕಡಿಮೆ. ಈ ರೈಲು ಅದರಲ್ಲೊಂದು. ಟಿಕೆಟ್ ಇಲ್ಲದೆ ಹತ್ತಲೂ ತಯಾರಿದ್ದೆ.

ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತು ಅನಿಸುವುದು ಎಲ್ಲರಿಗೂ ಗೊತ್ತಿರುವ ಮೋಸ. ಅದನ್ನು ಬಿಡಿ. ನನಗೆ ಜಾಸ್ತಿ ಇಷ್ಟ, ರೈಲು ಊರಲ್ಲದ ಊರಲ್ಲಿ ಸಿಗ್ನಲ್ ಇಲ್ಲದೆ ನಿಂತುಬಿಡುವುದು. ಎಲ್ಲರಿಗೂ ಇದು ಕಿರಿಕಿರಿ ಅಂತ ಗೊತ್ತು. ಆದರೆ ನಿಂತ ಕ್ಷಣದ ಮಜಾ ನೋಡಿ. ಇಷ್ಟು ಹೊತ್ತು ಸದ್ದಿನ ಮೇಲೆ ದನಿ ಎತ್ತಿ ಫೋನಿನಲ್ಲಿ ಮಾತಾಡುತ್ತಿದ್ದವರು ಅದೇ ಜೋರಿನಲ್ಲಿ ಮುಂದುವರಿಯುತ್ತಾರೆ. "ಅವನಿಗೆ ಮಾತ್ರ ಹೇಳಬೇಡ!" ಅನ್ನುವುದು ಇಡೀ ಬೋಗಿಗೆ ಕೇಳಿಸುತ್ತದೆ. ಒಂದು ಗಳಿಗೆ ಎಲ್ಲರೂ ಸುಮ್ಮನೆ. ಆಮೇಲೆ ಎಲ್ಲರೂ ಒಟ್ಟಿಗೇ ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗುತ್ತಾರೆ. ಹೊರಗೆ ನೋಡುವಂಥದ್ದು ಏನೂ ಇರುವುದಿಲ್ಲ. ಒಂದು ಪೊದೆ, ಜಲ್ಲಿಕಲ್ಲಿನ ಸಾಲು, ಅದರ ನಡುವೆ ಹೇಗೋ ಬೇರು ಬಿಟ್ಟ ಹುಲ್ಲು. ಇಲ್ಲಿ ನಿಲ್ಲದೇ ಹೋಗಿದ್ದರೆ ಈ ಹುಲ್ಲನ್ನು ಯಾರೂ ನೋಡುತ್ತಿರಲಿಲ್ಲ. ಆ ಫೋನಿನವರ ಗುಟ್ಟೂ ನಮಗೆ ತಿಳಿಯುತ್ತಿರಲಿಲ್ಲ. ಯಾರಿಗೆ ಹೇಳಬಾರದು, ಯಾಕೆ ಹೇಳಬಾರದು ಎಂದು ಕತೆ ಕಟ್ಟುತ್ತಾ ಮುಂದಿನ ನಿಲ್ದಾಣದವರೆಗೆ ಆರಾಮಾಗಿ ಹೊತ್ತು ಕಳೆಯುತ್ತದೆ.

ಇಳಿದಾಗ ಕರೆದುಕೊಂಡು ಹೋಗಲು ಬಂದವರು ಕೇಳುತ್ತಾರೆ, "ಒಬ್ರೇ ಬಂದ್ರಲ್ಲ, ಬೋರ್ ಆಯ್ತಾ?" ಇಲ್ಲ ಅನ್ನುತ್ತೇನೆ. "ಏನೇನು ನೋಡಿದ್ರಿ?" ಅನ್ನುತ್ತಾರೆ. ಸರಿ, ಕೇಳಿದರಲ್ಲ ಅಂತ ತಂತಿಯ ವಿಷಯ ಶುರುಮಾಡುತ್ತೇನೆ. ಪ್ಯಾಂಟೋಗ್ರಾಫ್ ಅನ್ನುವ ಹೊತ್ತಿಗೆ ಅವರು ನನ್ನ ಬ್ಯಾಗು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿರುತ್ತಾರೆ.