ಹಳೇ ವಾಲ್ವ್‌ನಲ್ಲಿ ‘ಕೆಂಪು ಪಾದರಸ’ ಇಲ್ಲ, ದಯವಿಟ್ಟು ಒಡೆಯಬೇಡಿ

ಹಳೇ ರೇಡಿಯೋ, ಆಂಪ್ಲಿಫೈಯರ್‌ಗಳ ವಾಲ್ವ್ (ಬಲ್ಬಿನಂಥ ಗಾಜಿನ ಕೊಳವೆ) ಒಳಗೆ ಲಕ್ಷಗಟ್ಟಲೆ ಬೆಲೆಯ ‘ಕೆಂಪು ಪಾದರಸ’ ಇರುತ್ತದೆ ಎಂಬ ಮೆಸೇಜ್ ಮತ್ತೆ ಓಡಾಡುತ್ತಿದೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ನಾನು ರಿಪೇರಿಗೆ ಬಿಚ್ಚಿಟ್ಟ ಗಿಟಾರ್ ಆಂಪ್ಲಿಫೈಯರ್ ನೋಡಿದವರೂ ಅದನ್ನೇ ಕೇಳಿದರು. ಇದು ಪೂರ್ತಿ ಸುಳ್ಳು.

ವಾಲ್ವ್ ಒಳಗಿನ ಗಾಳಿಯನ್ನು ಹೊರಗೆ ತೆಗೆದಿರುತ್ತಾರೆ. ಗಾಜಿನ ತುದಿಯಲ್ಲಿ ಕನ್ನಡಿಯಂತೆ ಹೊಳೆಯುತ್ತದಲ್ವಾ, ಅದು ಬೇರಿಯಂ ಲೇಪ. ಅಳಿದುಳಿದ ಗಾಳಿಯನ್ನು ಹೀರಿಕೊಳ್ಳುವುದು ಅದರ ಕೆಲಸ. ಗಾಜು ಬಿರುಕು ಬಿಟ್ಟರೆ ಆ ಹೊಳಪು ಬೆಳ್ಳಗಾಗುತ್ತದೆ. ವಾಲ್ವ್ ಸತ್ತಿದೆ ಎಂದೇ ಅರ್ಥ. ಎಸಿ ಕರೆಂಟನ್ನು ಡಿಸಿ ಮಾಡುವ ಕೆಲವು ದೊಡ್ಡ ರೆಕ್ಟಿಫೈಯರ್ ವಾಲ್ವ್‌ಗಳಲ್ಲಿ ಪಾದರಸ ಇದ್ದದ್ದು ನಿಜ. ಆದರೆ ಅದು ಥರ್ಮಾಮೀಟರಿನಲ್ಲಿದ್ದಂಥ ಮಾಮೂಲಿ ಪಾದರಸ. ಒಡೆದರೆ ಕೈಗೆ ಬರುವುದು ಹಣವಲ್ಲ, ವಿಷದ ಆವಿ.

ಇನ್ನೊಂದು ಭಯ ನನಗೆ ಜಾಸ್ತಿ. ಪ್ಲಗ್ ಕಿತ್ತ ಮೇಲೂ ಇಂಥ ರೇಡಿಯೋ, ಆಂಪ್ಲಿಫೈಯರ್‌ಗಳ ಒಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ 300-400 ವೋಲ್ಟ್ ಉಳಿದಿರಬಹುದು. ಸುಮ್ನೆ ಸ್ಕ್ರೂಡ್ರೈವರ್ ಹಾಕಿದರೆ ಜೀವಕ್ಕೇ ಅಪಾಯ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಳೇ ಪೇಪರ್ ಕೆಪಾಸಿಟರ್ ತೇವ ಹೀರಿ ಕೆಡುತ್ತದೆ. ಅದನ್ನು ಬದಲಿಸಬಹುದು. ಇಎಲ್84, ಇಸಿಸಿ83 ಮಾದರಿಯ ವಾಲ್ವ್‌ಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತಿವೆ. ಮೂಲ ಟ್ರಾನ್ಸ್‌ಫಾರ್ಮರ್ ಗುಜರಿಗೆ ಹೋದರೆ ಮಾತ್ರ ಅಂಥದ್ದೇ ಇನ್ನೊಂದು ಸಿಗುವುದು ಬಹಳ ಕಷ್ಟ. ಅಟ್ಟದಲ್ಲಿ ಅಂಥ ಪೆಟ್ಟಿಗೆ ಇದ್ದರೆ ಹಾಗೇ ಇಡಿ, ವಾಲ್ವ್ ಕೆಲಸ ಗೊತ್ತಿರುವವರಿಗೆ ತೋರಿಸಿ.