ಸಿಸಿ ಕ್ಯಾಮರಾ ಮತ್ತು ಹಾಗರಳ ದೇವರು

ಆಗಸ್ಟ್ ತಿಂಗಳ ಒಂದು ಭಾನುವಾರ. ಪೂಜೆ ಮುಗಿದು ಕ್ಯಾಟಿಕಿಸಂ ಕ್ಲಾಸು, ಅಂದರೆ ಮಕ್ಕಳ ಧರ್ಮಪಾಠ, ಶುರುವಾಗಬೇಕಿತ್ತು. ನಮ್ಮ ಹೊನ್ನಾವರ ಕಡೆಯ ಮಳೆ ನಿಮಗೆ ಗೊತ್ತಲ್ಲ. ಇಗರ್ಜಿ ಹಿಂದಿನ ಹಾಲ್‌ಗೆ ತಗಡಿನ ಮಾಡು. ಮಳೆ ಜೋರಾಗಿ ಹೊಡೆದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಇವತ್ತು ಪಾಠ ಆಗುವ ಮಾತಲ್ಲ ಅಂದುಕೊಂಡು ಮಕ್ಕಳಿಗೆಲ್ಲ ಒಂದೊಂದು ಹಾಳೆ ಕೊಟ್ಟೆ. 'ದೇವರು ಅಂದ ಕೂಡಲೇ ಮನಸ್ಸಿಗೆ ಏನು ಬರುತ್ತದೋ ಅದನ್ನು ಬರೆಯಿರಿ, ಇಲ್ಲಾ ಚಿತ್ರ ಬಿಡಿಸಿ. ಹೆಸರು ಹಾಕುವುದು ಬೇಡ' ಅಂತ ಬೋರ್ಡ್ ಮೇಲೆ ಬರೆದೆ. ಹನ್ನೊಂದು ಹುಡುಗಿಯರು, ಮೂರು ಹುಡುಗರು. ಒಂಬತ್ತನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು.

ಮನೆಗೆ ಬಂದು ಹಾಳೆಗಳನ್ನು ಒಂದೊಂದಾಗಿ ನೋಡಿದೆ. ಶಿಲುಬೆ, ಸೂರ್ಯ, ಬಿಳಿ ಗಡ್ಡದ ಅಜ್ಜ. ಒಂದರಲ್ಲಿ ಮಾತ್ರ ಸಿಸಿ ಕ್ಯಾಮರಾ. ತುಂಬಾ ಮನಸ್ಸಿಟ್ಟು ಬಿಡಿಸಿದ ಚಿತ್ರ. ಗೋಡೆಯ ಮೂಲೆ, ಅದಕ್ಕೆ ಬಡಿದ ಕಬ್ಬಿಣದ ಪಟ್ಟಿ, ಇಳಿದು ಬಂದ ವೈರು, ಕೆಂಪು ಪೆನ್ನಿನಲ್ಲಿ ಇಟ್ಟ ಒಂದು ಚುಕ್ಕಿ. ಕೆಳಗೆ ಮೂರು ಸಾಲು: 'ಎಲ್ಲಾ ನೋಡ್ತಾನೆ. ಏನೂ ಹೇಳಲ್ಲ. ಆಮೇಲೆ ತೋರಿಸ್ತಾನೆ.'

ಇನ್ನೊಂದರಲ್ಲಿ ಚಿತ್ರವೇ ಇರಲಿಲ್ಲ. 'ನಮ್ಮ ಅಪ್ಪನ ಹಾಗೆ. ಮೂಡ್ ನೋಡಿ ಮಾತಾಡಬೇಕು' ಅಂತಷ್ಟೇ ಇತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಮಕ್ಕಳದ್ದು ಏನೂ ತಪ್ಪಿಲ್ಲ. ಆ ಕ್ಯಾಮರಾವನ್ನು ಗೋಡೆಗೆ ಬಡಿದವರು ನಾವು. 'ದೇವರು ನೋಡ್ತಾ ಇದ್ದಾನೆ' ಅಂತ ನನ್ನ ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಹಪ್ಪಳ ಕದ್ದರೆ ಹೇಳುತ್ತಿದ್ದಳು, ಸುಳ್ಳು ಹೇಳಿದರೆ ಹೇಳುತ್ತಿದ್ದಳು, ಲಂಗ ಮೊಣಕಾಲಿನ ಮೇಲೆ ಸರಿದರೆ ಹೇಳುತ್ತಿದ್ದಳು. ನಾನು ಒಬ್ಬಳೇ ಕೂತು ಅಳುತ್ತಿದ್ದಾಗ ಮಾತ್ರ ಯಾರೂ ಆ ಮಾತು ಹೇಳಿದ ನೆನಪಿಲ್ಲ. ನನ್ನ ತಮ್ಮನಿಗೆ ಅಷ್ಟು ಹೇಳುತ್ತಿರಲಿಲ್ಲ ಅನ್ನುವುದೂ ನೆನಪಿದೆ. ಹೆಣ್ಣುಮಕ್ಕಳ ದುಪಟ್ಟಾ, ಮೊಬೈಲು, ಸಂಜೆ ಮನೆಗೆ ಬರುವ ಹೊತ್ತು, ನಗುವ ದನಿ, ಎಲ್ಲದಕ್ಕೂ ದೇವರನ್ನೇ ಕಾವಲಿಗೆ ಕೂರಿಸುತ್ತೇವೆ.

ನನಗೆ ಇದು ಇಷ್ಟು ತಾಗಲು ಕಾರಣ ಇದೆ. ಒಂಬತ್ತು ವರ್ಷದ ಹಿಂದೆ ನನಗೆ ಬಸುರಿನ ಐದನೇ ತಿಂಗಳಲ್ಲಿ ಮಗು ಹೋಯಿತು. ಮೊದಲ ಮಗು. ಆಸ್ಪತ್ರೆಯಿಂದ ಬಂದ ಮೂರನೇ ದಿನ ಪ್ರಾರ್ಥನಾ ಕೂಟದ ನಾಲ್ಕು ಹೆಂಗಸರು ಮನೆಗೆ ಬಂದರು. ಬ್ರೆಡ್ಡು, ಬಾಳೆಹಣ್ಣು ತಂದಿದ್ದರು. ಅವರಲ್ಲಿ ಹಿರಿಯರೊಬ್ಬರು ಮಂಚದ ತುದಿಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ಅವರ ಕೈ ಬೆಚ್ಚಗಿತ್ತು. ಆಮೇಲೆ ಮೆಲ್ಲಗೆ ಹೇಳಿದರು: 'ಏನಾದರೂ ಇದ್ದರೆ ನೆನಪು ಮಾಡ್ಕೋ ತಂಗೀ. ದೇವರು ಸುಮ್ನೆ ಕೊಟ್ಟು ಸುಮ್ನೆ ತಗೊಳ್ಳಲ್ಲ.'

ನಾನು ನೆನಪು ಮಾಡಿಕೊಂಡೆ. ಎರಡು ವರ್ಷ ಅದೇ ಕೆಲಸ ಮಾಡಿದೆ. ಅತ್ತೆಗೆ ಎದುರು ಮಾತಾಡಿದ್ದು, ಮದುವೆಗೆ ಮುಂಚೆ ಒಬ್ಬ ಹುಡುಗನಿಗೆ ಬರೆದ ಪತ್ರ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ, ಮಾಂಸ ತಿನ್ನಬಾರದ ಒಂದು ಶುಕ್ರವಾರ ಗೆಳತಿಯ ಮನೆಯಲ್ಲಿ ತಿಂದ ಕೋಳಿ. ಇವುಗಳಲ್ಲಿ ಯಾವುದಕ್ಕೆ ನನ್ನ ಮಗುವಿನ ಜೀವ ಹೋಯಿತು ಅಂತ ಲೆಕ್ಕ ಹಾಕುತ್ತಿದ್ದೆ. ಪಾಪನಿವೇದನೆಗೆ ಹೋಗಿ ಬಂದರೂ ಸಮಾಧಾನ ಇಲ್ಲ. ಪೂಜೆಯಲ್ಲಿ ಕೊಡುವ ಪರಮ ಪ್ರಸಾದ ತಗೊಳ್ಳುವುದನ್ನೇ ಬಿಟ್ಟೆ. ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದೆ.

ಅದರಿಂದ ನನ್ನನ್ನು ಎಬ್ಬಿಸಿದ್ದು ಬೈಬಲ್ಲಿನ ಯೋಬನ ಗ್ರಂಥ. ವಯಸ್ಸಾದ ಒಬ್ಬ ಸಿಸ್ಟರ್ 'ಪೂರ್ತಿ ಓದು, ಮಧ್ಯದಲ್ಲಿ ನಿಲ್ಲಿಸಬೇಡ' ಅಂತ ಹೇಳಿದ್ದರು. ಓದಿದೆ. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಹತ್ತಿರ ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಆಮೇಲೆ ಬಾಯಿ ತೆರೆಯುತ್ತಾರೆ. ನೀನು ಏನೋ ಮಾಡಿರಬೇಕು, ದೇವರು ನ್ಯಾಯವಂತ, ಕಾರಣ ಇಲ್ಲದೆ ಹೊಡೆಯುವುದಿಲ್ಲ. ಕೇಳಲು ಎಷ್ಟು ಭಕ್ತಿಯ ಮಾತು ಅಲ್ವಾ? ಯೋಬ ಮಾತ್ರ ಒಪ್ಪುವುದಿಲ್ಲ. ದೇವರ ಹತ್ತಿರವೇ ಜಗಳಕ್ಕೆ ಇಳಿಯುತ್ತಾನೆ, ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಕೊನೆಗೆ, 42ನೇ ಅಧ್ಯಾಯದ 7ನೇ ವಚನದಲ್ಲಿ ದೇವರಿಗೆ ಸಿಟ್ಟು ಬರುವುದು ಯಾರ ಮೇಲೆ? ಆ ಗೆಳೆಯರ ಮೇಲೆ. ನನ್ನ ಸೇವಕ ಯೋಬನ ಹಾಗೆ ನೀವು ನನ್ನ ಬಗ್ಗೆ ಸರಿಯಾದದ್ದನ್ನು ಮಾತಾಡಲಿಲ್ಲ ಅನ್ನುತ್ತಾನೆ.

ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅಂದರೆ ದೇವರ ಬಗ್ಗೆ ತಪ್ಪು ಮಾತಾಡಿದರೆ ದೇವರಿಗೇ ಬೇಜಾರು. ಅಳುವವರ ಎದುರು ಕೂತು ಅವನ ಹೆಸರಲ್ಲಿ ತಪ್ಪು ಹೇಳಿದರೆ ಸಿಟ್ಟೇ ಬರುತ್ತದೆ. ನನ್ನ ಕೈ ಹಿಡಿದು ಹಾಗೆ ಹೇಳಿದ ಆ ಅಮ್ಮನ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವರಿಗೂ ಯಾರೋ ಯಾವತ್ತೋ ಅದನ್ನೇ ಹೇಳಿರುತ್ತಾರೆ. ಆದರೆ ಆ ಮಾತು ನನ್ನ ಕ್ಲಾಸಿನ ಹುಡುಗಿಯರವರೆಗೆ ಹೋಗಬಾರದು ಅನ್ನುವ ಹಟ ಇದೆ.

'ಭಕ್ತಿ ಇದ್ದರೆ ಸಾಕು, ಇಷ್ಟೆಲ್ಲ ತಿಳಿದು ಏನಾಗಬೇಕು' ಅಂತ ನಮ್ಮ ವಾಳೆಯಲ್ಲೇ (ಇಗರ್ಜಿಗೆ ಸೇರಿದ ನಮ್ಮ ಕೇರಿಯಲ್ಲೇ) ಕೆಲವರು ಕೇಳುತ್ತಾರೆ. ನಮ್ಮ ಪಕ್ಕದ ಮನೆಯ ಖಾರ್ವಿ ಅಣ್ಣ ನಲವತ್ತು ವರ್ಷದಿಂದ ಕಡಲಿಗೆ ಹೋಗುವವರು. ಕಡಲನ್ನು ಅವರಷ್ಟು ಪ್ರೀತಿ ಮಾಡುವವರನ್ನು ನಾನು ನೋಡಿಲ್ಲ. ಆದರೂ ಶರಾವತಿ ಅಳಿವೆ ದಾಟುವಾಗ ಹೂಳು ಈ ಸಲ ಎಲ್ಲಿ ಕೂತಿದೆ ಅಂತ ನಾಲ್ಕು ಜನರನ್ನು ಕೇಳಿಕೊಂಡೇ ಬೋಟು ಬಿಡುತ್ತಾರೆ. ಕಡಲಮ್ಮನ ಮೇಲೆ ಪ್ರೀತಿ ಇದೆ ಅಂತ ಸುಮ್ನೆ ನುಗ್ಗುವುದಿಲ್ಲ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ರಸ್ತೆ ಬದಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ ಹೋಯಿತು. ಲಾರಿಗಳು ಗಂಗಾವಳಿ ಹೊಳೆ ಸೇರಿದವು. ಆ ವಾರ ನಮ್ಮ ಊರಲ್ಲಿ ಬೇರೆ ಮಾತೇ ಇರಲಿಲ್ಲ. 'ಯಾರ ಪಾಪವೋ ಏನೋ' ಅನ್ನುವುದನ್ನು ನಾನು ಮೀನು ಮಾರ್ಕೆಟಿನಲ್ಲೂ ಕೇಳಿದೆ, ಇಗರ್ಜಿಯ ಅಂಗಳದಲ್ಲೂ ಕೇಳಿದೆ. ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಇದೇ ಥರದ ಸುದ್ದಿ ಇದೆ. ಸಿಲೋವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ ಅಂತ ಯೇಸುಸ್ವಾಮಿಯೇ ಕೇಳಿ, ಇಲ್ಲ ಅಂತ ತಾವೇ ಉತ್ತರ ಕೊಡುತ್ತಾರೆ. ಸತ್ತವರ ಲೆಕ್ಕ ಬಿಟ್ಟು ನಿಮ್ಮ ನಿಮ್ಮ ಬದುಕನ್ನು ತಿದ್ದಿಕೊಳ್ಳಿ ಅನ್ನುತ್ತಾರೆ. ಗುಡ್ಡ ಕುಸಿದರೆ ಮಳೆ ಎಷ್ಟು ಬಂತು, ರಸ್ತೆಗೆ ಅಂತ ಗುಡ್ಡವನ್ನು ಹೇಗೆ ಕಡಿದರು ಅಂತ ಕೇಳಬೇಕು. ಸತ್ತವರ ಪಾಪ ಹುಡುಕುವುದು ನಮ್ಮ ಕೆಲಸ ಅಲ್ಲ.

ಈಗ ಸ್ವಲ್ಪ ಮುಜುಗರದ ವಿಷಯ. ಬರೆಯಲೇಬೇಕು. ನನ್ನ ಕ್ಲಾಸಿನ ಕೆಲವು ಹುಡುಗಿಯರು ತಿಂಗಳಲ್ಲಿ ಒಂದು ಭಾನುವಾರ ಪರಮ ಪ್ರಸಾದಕ್ಕೆ ಎದ್ದು ಬರುವುದಿಲ್ಲ. ಬೆಂಚಿನಲ್ಲೇ ತಲೆ ತಗ್ಗಿಸಿ ಕೂರುತ್ತಾರೆ. ಒಬ್ಬಳು 'ಹೊರಗಾಗಿದ್ದೇನೆ ಟೀಚರ್' ಅಂದಳು. ಅಕ್ಕಪಕ್ಕದ ಮನೆಗಳ ರೂಢಿ ನೋಡಿ ನಮಗೂ ಹಾಗೇ ಇರಬೇಕು ಅಂದುಕೊಂಡಿದ್ದಾರೆ. ನಮ್ಮ ಕಥೋಲಿಕ ಧರ್ಮಸಭೆಯಲ್ಲಿ ಅಂಥ ನಿಯಮವೇ ಇಲ್ಲ. ಯಾರೂ ಅವರಿಗೆ ಬಾಯಿಬಿಟ್ಟು ಹೇಳಿಲ್ಲ, ಅಷ್ಟೇ.

ಮಾರ್ಕನ ಶುಭಸಂದೇಶದ 5ನೇ ಅಧ್ಯಾಯ ತೆಗೆದು ಅವರ ಜೊತೆ ಓದಿದೆ. 12 ವರ್ಷದಿಂದ ರಕ್ತಸ್ರಾವ ನಿಲ್ಲದ ಹೆಂಗಸು. ಇದ್ದ ದುಡ್ಡನ್ನೆಲ್ಲ ವೈದ್ಯರಿಗೆ ಸುರಿದಿದ್ದಾಳೆ, ಕಾಯಿಲೆ ಜಾಸ್ತಿಯೇ ಆಗಿದೆ. ಆ ಕಾಲದ ಕಾನೂನಿನ ಪ್ರಕಾರ ಅವಳು ಮುಟ್ಟಿದ್ದೆಲ್ಲ ಮೈಲಿಗೆ. ಅವಳು ಜನರ ಮಧ್ಯೆ ನುಸುಳಿ ಹಿಂದಿನಿಂದ ಯೇಸುಸ್ವಾಮಿಯ ಬಟ್ಟೆ ಮುಟ್ಟುತ್ತಾಳೆ. ಸಿಕ್ಕಿಬಿದ್ದಾಗ ನಡುಗುತ್ತಾಳೆ. ಅವರು ಹಿಂದೆ ಸರಿಯುವುದಿಲ್ಲ. 'ಮಗಳೇ' ಅನ್ನುತ್ತಾರೆ. ಅಲ್ಲಿಂದ ನೇರ ಯಾಯಿರ ಅನ್ನುವವನ ಮನೆಗೆ ಹೋಗಿ, ಸತ್ತುಹೋಗಿದ್ದ ಅವನ 12 ವರ್ಷದ ಮಗಳ ಕೈ ಹಿಡಿದು ಎಬ್ಬಿಸುತ್ತಾರೆ. ಅವಳಿಗೆ ತಿನ್ನಲು ಏನಾದರೂ ಕೊಡಿ ಅಂತ ಮನೆಯವರಿಗೆ ಹೇಳುತ್ತಾರೆ. ಅಷ್ಟು ದೊಡ್ಡ ಅದ್ಭುತದ ಮಧ್ಯೆ ಆ ಹುಡುಗಿಯ ಹಸಿವು ಅವರಿಗೆ ನೆನಪಿತ್ತು. ಇದನ್ನು ಓದುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ.

'ಅಪ್ಪನ ಹಾಗೆ' ಅಂತ ಬರೆದ ಮಗುವಿನ ಮಾತಿಗೆ ಬರುತ್ತೇನೆ. ಮನೆಯಲ್ಲಿ ಅಪ್ಪ ಹೇಗೋ, 'ನಮ್ಮ ತಂದೆಯೇ' ಅಂತ ಜಪ ಹೇಳುವಾಗ ಅದೇ ಮುಖ ಬರುತ್ತದೆ. 1992ರಲ್ಲಿ ಬಂದ ಕಥೋಲಿಕ ಧರ್ಮಸಭೆಯ ಕ್ಯಾಟಿಕಿಸಂ ಗ್ರಂಥದ 239ನೇ ಪ್ಯಾರಾದಲ್ಲಿ ಈ ವಿಷಯ ನೇರವಾಗಿ ಇದೆ. ತಂದೆತಾಯಿಗಳೂ ತಪ್ಪು ಮಾಡುತ್ತಾರೆ, ತಂದೆತನ ತಾಯ್ತನದ ಮುಖವನ್ನೇ ಕೆಡಿಸಿಬಿಡಬಹುದು, ದೇವರು ಗಂಡೂ ಅಲ್ಲ ಹೆಣ್ಣೂ ಅಲ್ಲ, ದೇವರು ದೇವರೇ ಅನ್ನುತ್ತದೆ. ಪೋಪ್ ಮೊದಲನೇ ಜಾನ್ ಪಾಲ್ 1978ರ ಸೆಪ್ಟೆಂಬರ್ 10ರಂದು, ದೇವರು ನಮ್ಮ ತಂದೆ, ಅದಕ್ಕಿಂತ ಹೆಚ್ಚಾಗಿ ತಾಯಿ ಅಂದಿದ್ದರು. ಲೂಕನ 15ನೇ ಅಧ್ಯಾಯದಲ್ಲಿ ಕಳೆದ ಒಂದು ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯೆಲ್ಲ ಗುಡಿಸುವ ಹೆಂಗಸಿನ ಕಥೆ ಇದೆಯಲ್ಲ, ಅಲ್ಲಿ ನಮ್ಮನ್ನು ಹುಡುಕುವ ದೇವರನ್ನು ಆ ಹೆಂಗಸಿಗೇ ಹೋಲಿಸಿದ್ದಾರೆ. ನಮ್ಮ ಹುಡುಗಿಯರಿಗೆ ಕಳೆದ ಕುರಿಯ ಕಥೆ ಗೊತ್ತು, ತಪ್ಪಿಹೋದ ಮಗನ ಕಥೆ ಗೊತ್ತು. ಅವೆರಡರ ನಡುವೆಯೇ ಇರುವ ಈ ಹೆಂಗಸು ಗೊತ್ತಿಲ್ಲ.

ಮದುವೆಯ ವಿಷಯಕ್ಕೆ ಬಂದರೆ ತಪ್ಪು ತಿಳುವಳಿಕೆ ಇನ್ನೂ ಅಪಾಯ. ನನಗೆ ಗೊತ್ತಿರುವ ಒಬ್ಬಳಿಗೆ ಗಂಡ ಹೊಡೆಯುತ್ತಿದ್ದ. 'ನಿನ್ನ ಶಿಲುಬೆ ನೀನು ಹೊರಬೇಕು' ಅಂತ ಹೇಳಿ ತವರಿನವರೇ ಮೂರು ಸಲ ವಾಪಸ್ ಕಳಿಸಿದರು. ಆ ಮಾತನ್ನು ಅವಳೂ ನಂಬಿದ್ದಳು. ಯೇಸುಸ್ವಾಮಿ ತಮ್ಮ ಶಿಲುಬೆಯನ್ನು ತಾವೇ ಒಪ್ಪಿ ಹೊತ್ತರು. ಕುಡಿದು ಬಂದವನ ಕೈಯ ಬೆಲ್ಟು ಶಿಲುಬೆ ಅಲ್ಲ. ಕುಟುಂಬದ ಬಗ್ಗೆ 2016ರಲ್ಲಿ ಬರೆದ 'ಅಮೋರಿಸ್ ಲೇತಿತ್ಸಿಯಾ' ಪತ್ರದ 241ನೇ ಪ್ಯಾರಾದಲ್ಲಿ ಪೋಪ್ ಫ್ರಾನ್ಸಿಸ್, ಹಿಂಸೆ ಇರುವ ಕಡೆ ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಅಂದಿದ್ದಾರೆ. ಜೊತೆಗಿರುವ ಗಂಡನಿಂದಲೋ ಹೆಂಡತಿಯಿಂದಲೋ ಜೀವಕ್ಕೆ, ಮನಸ್ಸಿಗೆ ದೊಡ್ಡ ಅಪಾಯ ಇದ್ದರೆ ಬೇರೆ ಇರಬಹುದು ಅಂತ ಧರ್ಮಸಭೆಯ ಕಾನೂನಿನ 1153ನೇ ನಿಯಮವೂ ಹೇಳುತ್ತದೆ. ಇದನ್ನು ಮದುವೆಗೆ ಮುಂಚೆಯೇ ಪ್ರತಿ ಹುಡುಗಿಗೂ ಹೇಳಬೇಕು. 'ದೇವರು ನಿನ್ನನ್ನೇ ನನಗೆ ತೋರಿಸಿದ್ದಾನೆ' ಅಂತ ಹುಡುಗ ಬಂದು ನಿಂತರೆ, 'ನನಗೆ ಇನ್ನೂ ತೋರಿಸಿಲ್ಲ' ಅನ್ನುವ ಧೈರ್ಯ ಬೇಕು. ಇಷ್ಟು ದಿನ ಉಪವಾಸ ಮಾಡಿ, ಇಷ್ಟು ಕಾಣಿಕೆ ಹಾಕಿದರೆ ಗಲ್ಫ್ ವೀಸಾ ಗ್ಯಾರಂಟಿ ಅನ್ನುವ ಯೂಟ್ಯೂಬ್ ಬೋಧಕರಿಗೂ ಅದೇ ಉತ್ತರ.

ಹಾಗಂತ ಏನು ಮಾಡಿದರೂ ತಲೆ ಸವರುವ ದೇವರನ್ನು ನಾನು ಕಲಿಸುತ್ತಿಲ್ಲ. ತಪ್ಪನ್ನು ತಪ್ಪು ಅನ್ನುವ ದೇವರೇ. ಇಲ್ಲದಿದ್ದರೆ ಹೊಡೆಯುವವನಿಗೂ ಹೊಡೆತ ತಿಂದವಳಿಗೂ ವ್ಯತ್ಯಾಸವೇ ಇರುವುದಿಲ್ಲ.

ಮುಂದಿನ ಭಾನುವಾರ ಕ್ಯಾಮರಾದ ಚಿತ್ರದ ಸುದ್ದಿ ಎತ್ತಲಿಲ್ಲ. ಬರೆದವಳಿಗೆ ನಾಚಿಕೆ ಆಗಬಾರದು. ಆದಿಕಾಂಡದ 16ನೇ ಅಧ್ಯಾಯ ಓದಿಸಿದೆ. ಹಾಗರಳು ಈಜಿಪ್ಟಿನ ದಾಸಿ. ಒಡತಿಯ ಕಾಟ ತಾಳಲಾರದೆ ಬಸುರಿ ಹೆಂಗಸು ಮರಳುಗಾಡಿಗೆ ಓಡಿಹೋಗಿ ಒಂದು ಬುಗ್ಗೆಯ ಹತ್ತಿರ ಕೂತಿದ್ದಾಳೆ. ಅವಳನ್ನು ಹುಡುಕಿಕೊಂಡು ಯಾರೂ ಬಂದಿಲ್ಲ. ದೇವದೂತ ಬರುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಅಂತ ಕೇಳುತ್ತಾನೆ. ಆಗ ಅವಳು ದೇವರಿಗೆ ಒಂದು ಹೆಸರು ಇಡುತ್ತಾಳೆ. ಹೀಬ್ರೂ ಭಾಷೆಯಲ್ಲಿ 'ಎಲ್ ರೋಯಿ'. ನನ್ನನ್ನು ನೋಡುವ ದೇವರು. ಬೈಬಲ್ಲಿನಲ್ಲಿ ದೇವರಿಗೆ ಹೆಸರಿಟ್ಟವರಲ್ಲಿ ಅವಳೇ ಮೊದಲು.

'ಮತ್ತೆ ಅದೇ ಒಡತಿ ಹತ್ತಿರ ವಾಪಸ್ ಹೋಗು ಅಂತ ಯಾಕೆ ಹೇಳಿದ್ದು ಟೀಚರ್?' ಪಿಯುಸಿ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ನನಗೂ ಆ ಮಾತು ಚುಚ್ಚುತ್ತದೆ ಅಂತ ಒಪ್ಪಿಕೊಂಡೆ. ಮರಳುಗಾಡಿನಲ್ಲಿ ಬಸುರಿ ಒಬ್ಬಳೇ ಇದ್ದರೆ ಸಾಯುತ್ತಿದ್ದಳು ಅನ್ನುವುದು ನನಗೆ ತೋಚುವ ಕಾರಣ. ಅದು ಆ ದಿನ ಆ ಒಬ್ಬಳಿಗೆ ಹೇಳಿದ ಮಾತು, ಎಲ್ಲರಿಗೂ ಕಾನೂನು ಅಲ್ಲ. 21ನೇ ಅಧ್ಯಾಯದಲ್ಲಿ ಅವಳು ಮಗನ ಜೊತೆ ಮತ್ತೆ ಮರಳುಗಾಡಿಗೆ ಬಂದಾಗ ದೇವರು ವಾಪಸ್ ಹೋಗು ಅನ್ನಲಿಲ್ಲ. ಬಾವಿ ತೋರಿಸಿದ. ಎರಡೂ ಅಧ್ಯಾಯ ಸೇರಿಸಿ ಓದು ಅಂದೆ. ಅವಳಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಕ್ಲಾಸು ಮುಗಿದು ಎಲ್ಲರೂ ಹೋದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕುರ್ಚಿ ಜೋಡಿಸಲು ನಿಂತಳು. ಜಾಸ್ತಿ ಮಾತಾಡುವವಳಲ್ಲ. ಆರೇಳು ಕುರ್ಚಿ ಒಂದರ ಮೇಲೊಂದು ಇಟ್ಟ ಮೇಲೆ, ನನ್ನ ಕಡೆ ನೋಡದೆ ಕೇಳಿದಳು.

'ಅವಳು ಹಾಗೆ ಹೆಸರಿಟ್ಟಾಗ ದೇವರು ಬೈಲಿಲ್ವಾ ಟೀಚರ್?'

'ಇಲ್ಲ' ಅಂದೆ.

'ದಾಸಿ ಅಂತ ಇತ್ತಲ್ಲ.'

'ಹೌದು. ಆದರೂ ಬೈಲಿಲ್ಲ.'

ಅವಳು ಉಳಿದ ಕುರ್ಚಿಗಳನ್ನೂ ಇಟ್ಟಳು. ಬಾಗಿಲ ಹತ್ತಿರ ಒರಗಿಸಿದ್ದ ಕೊಡೆ ತಗೊಂಡು, 'ಬರ್ತೇನೆ ಟೀಚರ್' ಅಂತ ಮಳೆಯಲ್ಲಿ ಇಳಿದು ಹೋದಳು.