ಹುಲ್ಲಿಗೆ ಬಣ್ಣ ಹೊಡೆಸಿಲ್ಲ ಮಾರಾಯ್ರೇ

ನಿನ್ನೆ ಊಟಕ್ಕೆ ಬಂದಿದ್ದ ಗೆಳೆಯರೊಬ್ಬರು ನಮ್ಮ ಹಿತ್ತಲಿನ ಹುಲ್ಲು ನೋಡಿ ಕೇಳಿದರು, "ಪಟ್ಟೆ ಪಟ್ಟೆ ಇದೆಯಲ್ಲ, ಏನು ಬಣ್ಣ ಹೊಡೆಸಿದ್ರಿ?" ಹತ್ತು ವರ್ಷದಿಂದ ಇಂಗ್ಲೆಂಡಿನಲ್ಲಿ ಇರುವ ಮನುಷ್ಯ! ಆಮೇಲೆ ನನ್ನ ಮೋವರ್, ಅಂದರೆ ಹುಲ್ಲು ಕತ್ತರಿಸುವ ಮಿಷನ್ನಿನ ಬೆಲೆ ಕೇಳಿ, "ಹುಲ್ಲು ಕೊಯ್ಯೋಕೆ ಇಷ್ಟಾ? ಏನುಪಯೋಗ?" ಎಂದು ನಕ್ಕರು. ಬಡಿಸಿದ್ದ ಬಿಸಿಬೇಳೆಬಾತ್ ವಾಪಸ್ ತಗೊಳ್ಳೋಣ ಅನ್ನಿಸಿತು.

ಬಣ್ಣ ಅಲ್ಲ ಸ್ವಾಮಿ. ಅದೇ ಹುಲ್ಲು, ಅದೇ ಹಸಿರು. ಈ ಪೆಟ್ರೋಲ್ ಮೋವರಿಗೆ ಹಿಂದೆ ಚಕ್ರದ ಬದಲು ಅಡ್ಡಕ್ಕೊಂದು ರೋಲರ್ ಇದೆ. ಮುಂದೆ ಬ್ಲೇಡು ಕತ್ತರಿಸಿಕೊಂಡು ಹೋದ ಹಾಗೆ ಹಿಂದಿನಿಂದ ರೋಲರ್ ಹುಲ್ಲನ್ನು ಬಾಗಿಸುತ್ತದೆ. ಆಚೆಗೆ ಬಾಗಿದ್ದು ಬೆಳಕಿಗೆ ಹೊಳೆದು ತಿಳಿಹಸಿರಾಗಿ ಕಾಣುತ್ತದೆ, ನಮ್ಮ ಕಡೆಗೆ ಬಾಗಿದ್ದು ಕಡುಹಸಿರು. ಮಖಮಲ್ ಮೇಲೆ ಬೆರಳಾಡಿಸಿದ ಹಾಗೆ, ಅಷ್ಟೇ. ಆಚೆ ತುದಿಗೆ ಹೋಗಿ ತಿರುಗಿ ನೋಡಿ, ತಿಳಿ ಇದ್ದ ಪಟ್ಟೆ ಕಡುವಾಗಿರುತ್ತದೆ, ಕಡು ಇದ್ದದ್ದು ತಿಳಿ.

ಬಟ್ಟೆಯ ಮಾತು ಸುಮ್ನೆ ತಂದಿಲ್ಲ. 1830ರಲ್ಲಿ ಮೊದಲ ಮೋವರ್ ಮಾಡಿದ ಇಂಗ್ಲೆಂಡಿನ ಸ್ಟ್ರೌಡ್‌ನ ಎಡ್ವಿನ್ ಬಡ್ಡಿಂಗ್‌ಗೆ ಅದು ಹೊಳೆದದ್ದೇ ಉಣ್ಣೆ ಬಟ್ಟೆಯ ಜುಂಗು ಸವರುವ ಗಿರಣಿ ಯಂತ್ರ ನೋಡಿ. ಆತನಿಗೂ ಯಾರೋ "ಏನುಪಯೋಗ?" ಅಂದಿರಬೇಕು ಬಿಡಿ.

ಉಪಯೋಗವೇ ಬೇಕಾ? ನನ್ನ ಹಳೇ ನಾಲ್ಕು ಚಕ್ರದ ಮಿಷನ್ನು ಹೂವಿನ ಪಾತಿಯ ಅಂಚಿಗೆ ಹೋದಾಗಲೆಲ್ಲ ಒಂದು ಚಕ್ರ ಕೆಳಗಿಳಿದು ಹುಲ್ಲನ್ನು ಬುಡದ ತನಕ ಬೋಳಿಸಿಬಿಡುತ್ತಿತ್ತು. ರೋಲರ್ ಅರ್ಧ ಅಂಚಿನಾಚೆ ಇದ್ದರೂ ವಾಲುವುದಿಲ್ಲ. ಮಿಷನ್ ಭಾರ ನಿಜ, ಆದರೆ ಇಂಜಿನ್ನೇ ರೋಲರ್ ತಿರುಗಿಸುತ್ತದೆ. ಹಿಡಿಯ ಲಿವರ್ ಒತ್ತಿ ಹಿಡಿದರೆ ಅದೇ ಎಳೆದುಕೊಂಡು ಹೋಗುತ್ತದೆ. ನಮ್ಮ ಕೆಲಸ ನೇರ ನಡೆಯುವುದು ಮಾತ್ರ. ಅದೇ ಕಷ್ಟ.

"ಬ್ಯಾಟರಿದು ತಗೋಬಾರದಿತ್ತಾ, ಪರಿಸರ..." ಅಂತಲೂ ಅಂದರು. ಸರಿ, ಪೆಟ್ರೋಲ್ ಹೊಗೆ, ಸದ್ದು ಎರಡೂ ಜಾಸ್ತಿಯೇ. ಭಾನುವಾರ ಹತ್ತು ಗಂಟೆಗೆ ಮುಂಚೆ ನಾನು ಸ್ಟಾರ್ಟ್ ಮಾಡುವುದಿಲ್ಲ. ಮೇ ತಿಂಗಳಲ್ಲಿ 'ನೋ ಮೋ ಮೇ' ಅಂತ ಶೆಡ್ಡಿನ ಹಿಂದೆ ಒಂದು ತುಂಡು ಹುಲ್ಲು ಕೊಯ್ಯದೆ ಜೇನುನೊಣಗಳಿಗೆ ಬಿಟ್ಟಿರುತ್ತೇನೆ. ಆದರೆ ವರ್ಷಕ್ಕೆ ಮೂರು ಸಲ ವಿಮಾನ ಹತ್ತಿ ರಜೆಗೆ ಹೋಗುವವರು ನನ್ನ ಒಂದು ಲೀಟರ್ ಪೆಟ್ರೋಲಿನ ಲೆಕ್ಕ ಕೇಳಿದರೆ ಮೈ ಉರಿಯುತ್ತೆ, ಅಲ್ವಾ?

ಒಂದು ವಿಷಯ ಮಾತ್ರ ಅವರಿಗೆ ಹೇಳಲಿಲ್ಲ. ಅಪ್ಪ ಹೊಲ ಉಳುವಾಗ ಸಾಲು ಒಂದಿಷ್ಟು ಓರೆಯಾದರೂ ಎತ್ತು ತಿರುಗಿಸಿ ಮತ್ತೆ ಬರುತ್ತಿದ್ದ. ಶಾಲೆಗೆ ಹೋಗುತ್ತಿದ್ದ ನಾನು ಮಹಾ ಬುದ್ಧಿವಂತನ ಹಾಗೆ ಕೇಳಿದ್ದೆ, "ಸಾಲು ಸೊಟ್ಟ ಆದ್ರೆ ರಾಗಿ ಸೊಟ್ಟ ಬರುತ್ತಾ?" ಅಪ್ಪ ಮಾತಾಡಲಿಲ್ಲ. ಬದುವಿನ ಮೇಲೆ ನಿಂತು ಹೊಲ ಪೂರ್ತಿ ಒಮ್ಮೆ ನೋಡಿ, ಬೀಡಿ ಹಚ್ಚಿದ. ಈ ಸಲ ಊರಿಗೆ ಫೋನ್ ಮಾಡಿ ಮಿಷನ್ ವಿಷಯ ಹೇಳಿದರೆ ಅಪ್ಪನದೂ ಒಂದೇ ಪ್ರಶ್ನೆ: "ಅಷ್ಟು ಹುಲ್ಲು ಯಾವ ದನಕ್ಕೆ ಹಾಕ್ತೀಯೋ?" ಕಾಂಪೋಸ್ಟ್ ಡಬ್ಬಕ್ಕೆ ಅನ್ನೋಕೆ ನಾಚಿಕೆಯಾಗಿ ಮಾತು ಬದಲಿಸಿದೆ. ಅಪ್ಪ ಕೇಳಬಹುದು. ಬಿಸಿಬೇಳೆಬಾತ್ ತಿಂದು ಹೋದವರು ಕೇಳಬಾರದು.

ಈಗ ಮಹಡಿ ಕಿಟಕಿಯಿಂದ ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ. ಮೂರನೇ ಪಟ್ಟೆ ಪ್ಲಮ್ ಮರದ ಹತ್ತಿರ ಒಂಚೂರು ಸೊಟ್ಟಗಿದೆ. ಸರಿ ಮಾಡೋಣ ಅಂದರೆ ಹೊರಗೆ ಮಳೆ, ಒದ್ದೆ ಹುಲ್ಲು ಬ್ಲೇಡಿಗೆ ಮೆತ್ತಿಕೊಳ್ಳುತ್ತೆ. ಶನಿವಾರದ ತನಕ ಇದನ್ನೇ ನೋಡಬೇಕು.